ಬಣ್ಣದ ಸನ್‌ಸ್ಕ್ರೀನ್: ಕಾಲರಿಗೆ ಕಲೆ, ಗಲ್ಲಕ್ಕೆ ಉಪಕಾರ

ಕೂದಲು ತೆಗೆಸಲು ಲೇಸರ್ ಮಾಡಿಸಿದ ನಂತರ ಗಲ್ಲದ ಅಂಚಿನಲ್ಲಿ ಕಂದು ಕಲೆಗಳು ಉಳಿದುಕೊಂಡಾಗ, ಚರ್ಮವೈದ್ಯರು ಮುಂದಿನ ಲೇಸರ್ ಸರದಿಯನ್ನು ನಿಲ್ಲಿಸಿ, ರಾತ್ರಿಗೆ ಕಲೆ ತಿಳಿಗೊಳಿಸುವ ಅಜೆಲಾಯಿಕ್ ಆಮ್ಲದ ಮುಲಾಮನ್ನೂ ಹಗಲಿಗೆ ಬಣ್ಣ ಬೆರೆತ ಈ ಸನ್‌ಸ್ಕ್ರೀನನ್ನೂ ಬರೆದುಕೊಟ್ಟರು. ಒಂದು ಮಳೆಗಾಲ, ಒಂದು ಕಾಫಿ ಕೊಯ್ಲು ಪೂರ್ತಿ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಇದರ ದೊಡ್ಡ ದೋಷವೆಂದರೆ ಬಟ್ಟೆಗೆ ಹತ್ತುವುದು. ಒಗೆದದ್ದು ಒಣಗುವುದೇ ಕಷ್ಟವಾದ ಮಡಿಕೇರಿಯ ಜುಲೈ ತಿಂಗಳಿನಲ್ಲಿ ಸ್ವೆಟರಿನ ಕುತ್ತಿಗೆ, ರವಿಕೆಯ ಅಂಚು, ದಿಂಬಿನ ಕವರು, ಎಲ್ಲಕ್ಕೂ ಮಾಸಲು ಕಂದು ಮೆತ್ತಿಕೊಳ್ಳುತ್ತದೆ. ಸಿಗುವುದು ಒಂದೇ ಛಾಯೆ. ಅದೂ ನನ್ನ ಎಣ್ಣೆಗೆಂಪು ಮೈಬಣ್ಣದ ಮೇಲೆ ಬೂದಿ ಬಳಿದಂತೆ ಕಾಣುತ್ತದೆ. ಆದ್ದರಿಂದ ಬೆಳಗಿನ ಕಾಫಿ ಮುಗಿದ ಮೇಲೆ ಕೊರಳಿಗೆ ಹಳೆಯ ಟವೆಲ್ ಸುತ್ತಿ, ಕಿಟಕಿಯ ಬಳಿ ನಿಂತು, ಎರಡು ಬೆರಳುಗಳ ಉದ್ದಕ್ಕೆ ಕ್ರೀಮನ್ನು ಹಿಂಡಿ, ಗಲ್ಲದಿಂದ ಹಣೆಯವರೆಗೆ ಉಜ್ಜದೆ ಮೆಲ್ಲಗೆ ಒತ್ತಿ ಕೂರಿಸುತ್ತೇನೆ. ಅದು ಆರುವವರೆಗೆ ಟವೆಲ್ ತೆಗೆಯುವುದಿಲ್ಲ.

ಬಣ್ಣವಿಲ್ಲದ್ದನ್ನೇ ಕೊಡಿ ಎಂದು ಬೇಸರದಿಂದ ಕೇಳಿದಾಗ ವೈದ್ಯರು ಕೊಟ್ಟ ವಿವರಣೆ ನನ್ನ ಸಿಟ್ಟನ್ನು ಇಳಿಸಿತು. ನಮ್ಮಂಥ ಕಂದು ಚರ್ಮದ ಕಲೆಗಳನ್ನು ಅತಿನೇರಳೆ ಕಿರಣಗಳಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಗಾಢಗೊಳಿಸುತ್ತದೆ. ಅದನ್ನು ತಡೆಯುವುದು ಕ್ರೀಮಿಗೆ ಬಣ್ಣ ಕೊಡುವ ಕಬ್ಬಿಣದ ಆಕ್ಸೈಡ್. ಅಂದರೆ ನನ್ನ ಕಾಲರನ್ನು ಕೆಡಿಸುವ ಪದಾರ್ಥವೇ ಗಲ್ಲವನ್ನು ಕಾಯುತ್ತಿದೆ. ಸಿಲ್ವರ್ ಓಕ್ ನೆರಳಿನ ತೋಟಕ್ಕಿಂತ, ಡಿಸೆಂಬರಿನಲ್ಲಿ ಕಾಫಿ ಹರಡಿದ ಸಿಮೆಂಟಿನ ಕಣದಲ್ಲಿ ನಿಂತಾಗ ಇದರ ಬೆಲೆ ತಿಳಿಯುತ್ತದೆ. ಅಲ್ಲಿ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಲೇಬೇಕು. ಮಂಜು ಕವಿದ ದಿನವೂ ಬಿಡುವಂತಿಲ್ಲ, ಏಕೆಂದರೆ ಅತಿನೇರಳೆಯ ಒಂದು ಬಗೆಯಾದ ಯುವಿಎ ಕಿರಣಗಳು ಮೋಡವನ್ನೂ ಕಿಟಕಿಯ ಗಾಜನ್ನೂ ದಾಟಿ ಬರುತ್ತವೆ.

ಕಲೆಗಳು ಈಗ ಹತ್ತಿರದಿಂದ ನೋಡಿದರೆ ಮಾತ್ರ ಕಾಣುತ್ತವೆ. ಅದರ ಶ್ರೇಯಸ್ಸು ಈ ಟ್ಯೂಬಿಗೊಂದಕ್ಕೇ ಸಲ್ಲುವುದಿಲ್ಲ. ಮುಲಾಮಿಗೂ ಕಾಲಕ್ಕೂ ಪಾಲಿದೆ. (ವಾರದಲ್ಲಿ ಬಿಳುಪು ತರುತ್ತದೆಂದು ಬಂಧುಗಳು ಹೇಳುವ ಸ್ಟೆರಾಯ್ಡ್ ಬೆರೆತ ಕ್ರೀಮುಗಳ ಗೋಜಿಗೆ ಯಾರೂ ಹೋಗಬೇಡಿ, ಅವು ಚರ್ಮವನ್ನು ತೆಳುವಾಗಿಸುತ್ತವೆ.)

ಹೇಳಿದ ಪ್ರಮಾಣದಲ್ಲಿ ಹಚ್ಚಿದರೆ ಟ್ಯೂಬು ಬೇಗ ಮುಗಿದು ತಿಂಗಳ ಲೆಕ್ಕ ಏರುಪೇರಾಗುತ್ತದೆ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಮುಖಕ್ಕೆ ಮತ್ತೆ ಇದನ್ನೇ ತರಿಸಿದ್ದೇನೆ. ಕಲೆಯಿಲ್ಲದ ಕುತ್ತಿಗೆಗೆ ಮಾತ್ರ ಬಣ್ಣವಿಲ್ಲದ, ಅಗ್ಗದ ಇನ್ನೊಂದನ್ನು.