ಹೊಳೆಯ ಮೇಲೊಂದು ದಿನ: ಹೊನ್ನಾವರದ ದೋಣಿಯೋ, ಹಂಪಿಯ ಹರಿಗೋಲೋ?

ಎರಡೂ ಕಡೆ ನಾನು ಹೋಗಿದ್ದು ಒಂದೇ ಆಸೆಯಿಂದ. ಫೋನನ್ನು ಚೀಲಕ್ಕೆ ಹಾಕಿ ಇಡೀ ದಿನ ನೀರಿನ ಮೇಲೆ ಸುಮ್ನೆ ಕೂತಿರಬೇಕು, ಅಷ್ಟೇ.

ಮೊದಲು ಹೊನ್ನಾವರ. ಜೋಗದಲ್ಲಿ 253 ಮೀಟರ್ ಧುಮುಕಿದವಳು ತಾನಲ್ಲವೇ ಅಲ್ಲ ಅನ್ನೋ ಹಾಗೆ ಶರಾವತಿ ಇಲ್ಲಿ ಮೈ ಚಾಚಿ ಮಲಗಿರುತ್ತಾಳೆ. ಮೊದಲ ದಿನ ಗುಂಪಿನ ಜೊತೆ ಇಂಜಿನ್ ಬೋಟ್ ಹತ್ತಿ ಕೆಟ್ಟೆ. ಒಂದು ಗಂಟೆ ಅಂದವರು ನಲವತ್ತು ನಿಮಿಷಕ್ಕೇ ದಡ ಮುಟ್ಟಿಸಿದರು. ಸ್ಪೀಕರಿನಲ್ಲಿ ಹಾಡು ಬೇರೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರ ಹೋಗುವಷ್ಟರಲ್ಲಿ ಅಲ್ಲಿದ್ದ ಬೆಳ್ಳಕ್ಕಿಗಳೆಲ್ಲ ಎದ್ದು ಹೋಗಿದ್ದವು.

ಮರುದಿನ ಮೀನು ಹಿಡಿಯುವವರೊಬ್ಬರನ್ನು ಕೇಳಿದೆ. "ಭರತ ಏರುವಾಗ ಬನ್ನಿ. ಇಳಿತದಲ್ಲಿ ಹೋದ್ರೆ ಕೆಸರಲ್ಲಿ ಸಿಕ್ಕಿಬೀಳ್ತೇವೆ" ಅಂದರು. ಬೆಳಗ್ಗೆ ಅಳಿವೆಯಿಂದ ಸಮುದ್ರದ ನೀರು ಒಳಗೆ ಬರುತ್ತಿತ್ತು. ಸಣ್ಣ ಕವಲಿಗೆ ತಿರುಗಿದ ಮೇಲೆ ಅವರು ಇಂಜಿನ್ ಆರಿಸಿ ಜಲ್ಲೆ ಊರಿದರು. ಆಮೇಲೆ ಕೇಳಿಸಿದ್ದು ಜಲ್ಲೆಯಿಂದ ತೊಟ್ಟಿಕ್ಕುವ ನೀರು ಮಾತ್ರ. ಕಾಂಡ್ಲಾ ಬೇರುಗಳ ಮೇಲೆ ಹಿಂದಿನ ಭರತ ಎಲ್ಲಿವರೆಗೆ ಏರಿತ್ತು ಅಂತ ಕೆಸರಿನ ಗೆರೆ ಇತ್ತು. ಆ ಗೆರೆ ಮೇಲೆ ಉಗುರಿನಷ್ಟು ದೊಡ್ಡ ಏಡಿ. ನನ್ನ ನೆರಳು ಬಿದ್ದದ್ದೇ ತಡ, ಬೇರಿನ ಆ ಬದಿಗೆ ಸರಿದು ಅಲ್ಲಿಂದ ಇಣುಕಿತು. ದೂರದಲ್ಲಿ ಕೊಂಕಣ ರೈಲು ಸೇತುವೆ ದಾಟುವ ಸದ್ದು. ಆ ಸೇತುವೆ ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ. ಹಾಗಾಗಿ ಸದ್ದು ಬೇಗ ಮುಗಿಯುವುದೇ ಇಲ್ಲ.

ಹಂಪಿಯ ಹರಿಗೋಲಿನ ಗತ್ತೇ ಬೇರೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಲ್ಲಿ ಬುಟ್ಟಿಯಂಥ ದುಂಡು ದೋಣಿಗಳಿವೆ, ಅವು ಸುತ್ತುತ್ತಲೇ ಇರುತ್ತವೆ ಅಂತ ಬರೆದಿಟ್ಟಿದ್ದಾನೆ. ಆಗ ಹೊರಗೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಸುತ್ತುವುದು ಮಾತ್ರ ಹಾಗೇ ಇದೆ! ಹಿಂದು ಮುಂದು ಇಲ್ಲದ ದೋಣಿ ಅಲ್ವಾ, ಎದುರಿಗಿದ್ದ ಬಂಡೆ ಎರಡು ಉಸಿರಿನಲ್ಲಿ ಬೆನ್ನ ಹಿಂದೆ. ನದಿಯಲ್ಲಿ ನಿಂತಿರುವ ಹಳೇ ಸೇತುವೆಯ ಕಲ್ಲುಕಂಬಗಳು, ಬಂಡೆಯ ಮೇಲೆ ಸಾಲಾಗಿ ಕೆತ್ತಿದ ಕೋಟಿಲಿಂಗ, ಇವನ್ನು ನೀರಿನಿಂದ ನೋಡುವ ಸುಖ ಶರಾವತಿಯಲ್ಲಿ ಸಿಗುವುದಿಲ್ಲ.

ಆದರೆ ಇಡೀ ದಿನ? ಅಸಾಧ್ಯ. ಒರಗಲು ಏನೂ ಇಲ್ಲ, ಮಂಡಿ ಮಡಚಿ ಕೂರಬೇಕು. ಅರ್ಧ ಗಂಟೆಗೆ ನನ್ನ ಕಾಲು ಜೋಮು ಹಿಡಿಯಿತು. ಹತ್ತು ಗಂಟೆ ದಾಟಿದರೆ ಬಂಡೆಗಳ ಕಾವು ನೀರಿನವರೆಗೂ ಬರುತ್ತದೆ. ತುಂಗಭದ್ರಾ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟರಂತೂ ಹರಿಗೋಲು ದಡದಲ್ಲೇ ಬೋರಲು.

ಉಡುಪಿ ಕಡೆಯ ಹಂಗಾರಕಟ್ಟೆ–ಕೋಡಿ ಬೆಂಗ್ರೆ ಬಾರ್ಜನ್ನೂ ಒಮ್ಮೆ ಹತ್ತಿದ್ದೆ. ಬೈಕು, ಕಾರು, ಮೀನಿನ ಬುಟ್ಟಿ ಎಲ್ಲದರ ಜೊತೆ ನಿಂತು ಹೋಗುವ ಮಜಾ ಮಜಾನೇ. ಆದರೆ ಕೂತು ಉಸಿರು ಬಿಡುವಷ್ಟರಲ್ಲಿ ಆಚೆ ದಡ.

ನನ್ನ ಮಟ್ಟಿಗೆ ಇಡೀ ದಿನಕ್ಕೆ ಹೊನ್ನಾವರವೇ, ಅದೂ ಸಣ್ಣ ದೋಣಿಯಲ್ಲಿ. ಹಂಪಿಗೆ ಸಂಜೆಯ ಒಂದು ಗಂಟೆ ಇಟ್ಟುಕೊಳ್ಳಿ. ಹೊನ್ನಾವರಕ್ಕೆ ಹೋಗುವವರು ಬುತ್ತಿ, ಟೋಪಿ, ಲೈಫ್ ಜಾಕೆಟ್ ಮರೆಯಬೇಡಿ. ದುಡ್ಡಿನ ಮಾತಿಗೆ ಮೊದಲು ದೋಣಿಯವರ ಹತ್ತಿರ ಎರಡು ವಿಷಯ ಕೇಳಿ: ಭರತ ಎಷ್ಟು ಹೊತ್ತಿಗೆ, ಕವಲಿನೊಳಗೆ ಇಂಜಿನ್ ಆರಿಸುತ್ತೀರಾ?