ಹುಬ್ಬುಗಳ ನಡುವಿನ ಗೆರೆ ತೆಗೆಸಲು ಹೋಗಿ ರೆಪ್ಪೆ ಜೋತುಬಿದ್ದಾಗ

ಹುಬ್ಬುಗಳ ನಡುವಿನ ಎರಡು ಗೆರೆಗಳಿಗಾಗಿ ಚುಚ್ಚುಮದ್ದು ಹಾಕಿಸಿಕೊಂಡ ಐದನೆಯ ದಿನ ಬೆಳಿಗ್ಗೆ ಕನ್ನಡಿ ನೋಡಿಕೊಂಡಾಗ, ನನ್ನ ಎಡಗಣ್ಣಿನ ರೆಪ್ಪೆ ಪಾಪೆಯ ಅರ್ಧದವರೆಗೆ ಇಳಿದಿತ್ತು. ಓದಬೇಕಾದರೆ ಅದನ್ನು ಬೆರಳಿನಿಂದ ಎತ್ತಿ ಹಿಡಿಯಬೇಕಾಗಿತ್ತು.

ನಾನು ಹೋಗಿದ್ದು ವೈದ್ಯರ ಬಳಿಗಲ್ಲ, ಒಂದು ಸೌಂದರ್ಯ ಕೇಂದ್ರಕ್ಕೆ. ಅಲ್ಲಿ ಸಿರಿಂಜ್ ಮೊದಲೇ ತುಂಬಿ ತಟ್ಟೆಯಲ್ಲಿ ಸಿದ್ಧವಾಗಿತ್ತು. ಸೀಸೆ ನನ್ನ ಕಣ್ಣಿಗೆ ಬೀಳಲಿಲ್ಲ, ತೋರಿಸಿ ಎಂದು ನಾನೂ ಕೇಳಲಿಲ್ಲ. ಈ ಚುಚ್ಚುಮದ್ದನ್ನು ಎಲ್ಲರೂ ಬೊಟಾಕ್ಸ್ ಎನ್ನುತ್ತಾರಾದರೂ ಅದು ಒಂದು ಬ್ರ್ಯಾಂಡ್‌ನ ಹೆಸರು. ಔಷಧಿ ಬಾಟ್ಯುಲಿನಮ್ ಟಾಕ್ಸಿನ್. ಸಾಮಾನ್ಯವಾಗಿ ಪುಡಿಯ ರೂಪದಲ್ಲಿ ಬರುವ ಇದನ್ನು ಸಲೈನ್‌ನಲ್ಲಿ ಕದಡಿ, ಯೂನಿಟ್‌ಗಳ ಲೆಕ್ಕದಲ್ಲಿ ಕೊಡುತ್ತಾರೆ. ಬೊಟಾಕ್ಸ್‌ನಲ್ಲಾದರೆ ಹುಬ್ಬುಗಳ ನಡುವಿನ ಗೆರೆಗಳಿಗೆ ಐದು ಕಡೆ ತಲಾ 4ರಂತೆ ಒಟ್ಟು 20 ಯೂನಿಟ್ ಎಂಬುದು ಅನುಮೋದಿತ ಪ್ರಮಾಣ. ಒಂದು ಬ್ರ್ಯಾಂಡ್‌ನ ಯೂನಿಟ್ ಇನ್ನೊಂದಕ್ಕೆ ಸಮವಲ್ಲವಾದ್ದರಿಂದ, ಸೀಸೆಯ ಮೇಲಿನ ಹೆಸರು ತಿಳಿಯದೆ ಎಷ್ಟು ಯೂನಿಟ್ ಎಂದಷ್ಟೇ ಕೇಳಿದರೂ ಪ್ರಯೋಜನವಿಲ್ಲ. ನನಗೆ ಎರಡೂ ತಿಳಿದಿರಲಿಲ್ಲ.

ಮರುದಿನ ನನ್ನನ್ನು ಪರೀಕ್ಷಿಸಿದ ನೇತ್ರತಜ್ಞರು, ರೆಪ್ಪೆ ಬೀಳಲು ನರಗಳ ಬೇರೆ ತೊಂದರೆ ಯಾವುದೂ ಕಾರಣವಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ವಿವರಿಸಿದರು: ಸ್ನಾಯುವಿಗೆ ಮುದುರಿಕೋ ಎಂಬ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ನರದ ತುದಿಯಿಂದ ಹೊರಬರದಂತೆ ಈ ಔಷಧಿ ತಡೆಯುತ್ತದೆ, ಹುಬ್ಬು ಗಂಟಿಕ್ಕುವ ಸ್ನಾಯುವಿನಲ್ಲೇ ಉಳಿಯಬೇಕಾಗಿದ್ದ ಅದು, ಹುಬ್ಬಿಗೆ ತೀರ ಹತ್ತಿರ ಚುಚ್ಚಿದ್ದರಿಂದಲೋ ಏನೋ, ಕೆಳಗೆ ಹರಡಿ ರೆಪ್ಪೆಯನ್ನು ಎತ್ತುವ ಸ್ನಾಯುವನ್ನು ಮುಟ್ಟಿದೆ. ಚುಚ್ಚಿಸಿಕೊಂಡ ಸಂಜೆಯೇ ಹಣೆಯನ್ನು ಚೆನ್ನಾಗಿ ತಿಕ್ಕಿ ಮಸಾಜ್ ಮಾಡಿಸಿಕೊಂಡಿದ್ದೆ ಎಂದಾಗ, ಅದರಿಂದಲೂ ಹರಡಿರಬಹುದು ಎಂಬಂತೆ ಅವರು ತಲೆಯಾಡಿಸಿದರು. ಅಮೆರಿಕದಲ್ಲಿ ಈ ಔಷಧಿಗೆ 1989ರಲ್ಲಿ ಮೊದಲ ಅನುಮತಿ ಸಿಕ್ಕಿದ್ದು ಮೆಳ್ಳೆಗಣ್ಣು ಮತ್ತು ರೆಪ್ಪೆಯ ಸೆಳೆತಕ್ಕಂತೆ. ಸುಕ್ಕಿಗೆ ಅನುಮತಿ ಬಂದದ್ದು 2002ರಲ್ಲಿ. ಕಣ್ಣಿನ ಔಷಧಿಯಿಂದಲೇ ನನ್ನ ಕಣ್ಣು ಕೆಟ್ಟಿತ್ತು.

ಕೇಂದ್ರಕ್ಕೆ ಫೋನ್ ಮಾಡಿದರೆ, "ಬನ್ನಿ, ಕರಗಿಸಿಬಿಡೋಣ" ಎಂದರು. ಕರಗಿಸಬಹುದಾದದ್ದು ಹೈಯಲುರೋನಿಕ್ ಆಮ್ಲದ ಫಿಲ್ಲರ್, ಅಂದರೆ ಚರ್ಮದಡಿ ತುಂಬುವ ಜೆಲ್. ಅದಕ್ಕೆ ಹೈಯಲುರೋನಿಡೇಸ್ ಎಂಬ ಕಿಣ್ವವಿದೆ. ನರದ ತುದಿಯಲ್ಲಿ ಕೆಲಸ ಶುರುಮಾಡಿದ ಟಾಕ್ಸಿನ್ ಅನ್ನು ಹಿಂದಕ್ಕೆ ತೆಗೆಯುವ ಮದ್ದಿಲ್ಲ. ಮುಖಕ್ಕೆ ಚುಚ್ಚುವವರಿಗೆ ಇವೆರಡರ ವ್ಯತ್ಯಾಸವೇ ಗೊತ್ತಿರಲಿಲ್ಲವೆಂಬುದು ನನ್ನನ್ನು ರೆಪ್ಪೆಗಿಂತ ಹೆಚ್ಚು ಕಂಗೆಡಿಸಿತು. ನೇತ್ರತಜ್ಞರು ಕೊಟ್ಟ ಹನಿಯಿಂದ ರೆಪ್ಪೆ ಒಂದೆರಡು ಮಿಲಿಮೀಟರ್ ಮೇಲೇರುತ್ತಿತ್ತು, ಕೆಲವು ಗಂಟೆಗಳಲ್ಲಿ ಮತ್ತೆ ಇಳಿಯುತ್ತಿತ್ತು. ಪೂರ್ತಿ ಸರಿಹೋಗಲು ಆರು ವಾರ ಹಿಡಿಯಿತು.

ಮುಖ ಸುಮ್ಮನಿದ್ದಾಗಲೂ ಕಾಣುವ ಆಳವಾದ ಗೆರೆಗಳು ಈ ಚುಚ್ಚುಮದ್ದಿನಿಂದ ಪೂರ್ತಿ ಹೋಗುವುದಿಲ್ಲ, ಸ್ನಾಯು ಮುದುರಿದಾಗ ಮೂಡುವವುಗಳಿಗಷ್ಟೇ ಇದು ಚೆನ್ನಾಗಿ ಹಿಡಿಯುತ್ತದೆ ಎಂಬುದನ್ನೂ ನನಗೆ ಯಾರೂ ಮೊದಲು ಹೇಳಿರಲಿಲ್ಲ. ಹಾಕಿಸಿಕೊಳ್ಳಲೇಬೇಕೆಂದಿರುವವರು ತರಬೇತಿ ಪಡೆದ ವೈದ್ಯರಲ್ಲಿಗೇ ಹೋಗಿ, ಸೀಸೆಯನ್ನು ಕಣ್ಣೆದುರೇ ತೆರೆಯಲು ಹೇಳಿ, ಹೆಸರು ಮತ್ತು ಯೂನಿಟ್‌ಗಳನ್ನು ಬರೆಸಿಕೊಳ್ಳಬೇಕು. ಗರ್ಭಿಣಿಯರು ಹಾಗೂ ಮಯಸ್ತೇನಿಯಾದಂತಹ ಸ್ನಾಯುದೌರ್ಬಲ್ಯ ಇರುವವರು ಅದನ್ನು ಮೊದಲೇ ತಿಳಿಸಬೇಕು. ಚುಚ್ಚಿಸಿಕೊಂಡ ನಂತರ, ಕೆಲವು ವಾರಗಳು ಕಳೆದಿದ್ದರೂ ಸರಿ, ನುಂಗಲು, ಮಾತನಾಡಲು ಅಥವಾ ಉಸಿರಾಡಲು ಕಷ್ಟವಾದರೆ ಚುಚ್ಚಿದವರಿಗೆ ಫೋನ್ ಮಾಡುತ್ತ ಕೂರದೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.