ಲೂಯಿಜಿನೊ ಕೊಳ್ಳುವ ಮುಂಚೆ ಚೀಟಿ ಓದಿ

ಫ್ರಾನ್ಸಿನ ಲಿಯಾನ್‌ನ ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಲೂಯಿಜಿನೊ ಅನ್ನುವ ಹಳೇ ಬೆಳ್ಳಿ ನಾಣ್ಯಕ್ಕೆ 140 ಯೂರೋ ಕೊಟ್ಟು ಟೋಪಿ ಹಾಕಿಸಿಕೊಂಡು ಬಂದಿದ್ದೇನೆ. ಹಳೇ ನಾಣ್ಯದ ಹುಚ್ಚಿರುವವರು ಓದಿ.

ಇಲ್ಲಿಂದ ಸ್ವಲ್ಪ ಉತ್ತರಕ್ಕೆ, ಸೋನ್ ನದಿಯ ದಡದಲ್ಲಿ ಟ್ರೆವೂ ಅಂತ ಊರಿದೆ. ಡೋಂಬ್ ಎಂಬ ಪುಟ್ಟ ಸಂಸ್ಥಾನದ ರಾಜಧಾನಿ ಆಗಿತ್ತು. ಅದರ ಒಡತಿ ಫ್ರಾನ್ಸಿನ ರಾಜ 14ನೇ ಲೂಯಿಯ ಚಿಕ್ಕಪ್ಪನ ಮಗಳು, ಆನ್ ಮರಿ ಲೂಯಿಸ್. 1660ರ ದಶಕದಲ್ಲಿ ಅವಳ ಮುಖ ಹಾಕಿ 5 ಸೋಲ್‌ನ (ಸೋಲ್ ಅಂದರೆ ಫ್ರಾನ್ಸಿನ ಹಳೇ ಚಿಲ್ಲರೆ ಹಣ) ಬೆಳ್ಳಿ ನಾಣ್ಯ ಹೊಡೆದರು. ತೂಕ ಎರಡು ಗ್ರಾಂ ಚಿಲ್ಲರೆ. ಹಡಗು ಹತ್ತಿ ತುರ್ಕರ ನಾಡಿಗೆ ಹೋಯಿತು. ಅಲ್ಲಿನ ಹೆಂಗಸರಿಗೆ ಆ ಮುಖ ಎಷ್ಟು ಹಿಡಿಸಿತು ಅಂದರೆ, ತೂತು ಕೊರೆದು ಸರಕ್ಕೆ ಪೋಣಿಸಿಕೊಂಡರು. ಇದನ್ನು ನೋಡಿ ಇಟಲಿಯ ಜಿನೋವಾ ಸುತ್ತಮುತ್ತಲಿನ ಟಸ್ಸರೋಲೊ, ಫೊಸ್ದಿನೊವೊ ಥರದ ಚಿಕ್ಕ ಸಂಸ್ಥಾನಗಳೂ ಶುರು ಹಚ್ಚಿಕೊಂಡವು. ಅದೇ ಥರದ ಹೆಣ್ಣು ಮುಖ, ಒಳಗೆ ತಾಮ್ರ ಜಾಸ್ತಿ. ಕೊನೆಗೆ ತುರ್ಕರು ಬೇಡವೇ ಬೇಡ ಅಂದರು. ಅಸಲಿ, ನಕಲಿ ಎರಡಕ್ಕೂ ಈಗ ಲೂಯಿಜಿನೊ ಅಂತಲೇ ಹೆಸರು. ನಾನು ಬಿದ್ದದ್ದು ಇಲ್ಲೇ.

ಮಾರುವವನು ಬಾಯಲ್ಲಿ ಡೋಂಬ್ ಅಂದ. ಚೀಟಿಯಲ್ಲಿ ಬರೆದದ್ದು 'ಲೂಯಿಜಿನೊ, 17ನೇ ಶತಮಾನ' ಅಷ್ಟೇ. ಮನೆಗೆ ಬಂದು ಭೂತಗನ್ನಡಿ ಹಿಡಿದೆ. ಮುಖದ ಸುತ್ತ ಇರುವ ಅಕ್ಷರಗಳಲ್ಲಿ ಡೋಂಬ್ ಎಂಬ ಹೆಸರೇ ಇಲ್ಲ! ಸವೆದ ಕೆನ್ನೆ ಮೇಲೆ ತಾಮ್ರದ ಕೆಂಪು. ಅದನ್ನಾದರೂ ಕ್ಷಮಿಸಬಹುದು. ಆ ನಕಲಿಗೂ 350 ವರ್ಷ ವಯಸ್ಸು, ಕೆಲವು ಅಸಲಿಗಿಂತ ಅಪರೂಪ. ಹೊಟ್ಟೆ ಉರಿದದ್ದು ಬೇರೆಯದಕ್ಕೆ. ತಲೆಯ ಮೇಲ್ಗಡೆ ಅಕ್ಕಿ ಕಾಳಿನಷ್ಟು ಜಾಗ ಸುಮ್ನೆ ನುಣುಪಾಗಿತ್ತು. ಎರಡು ಅಕ್ಷರ ಅಲ್ಲಿ ಕರಗಿ ಹೋಗಿದ್ದವು. ತಿರುಗಿಸಿದೆ. ಹಿಂದುಗಡೆ ಸರಿಯಾಗಿ ಅದೇ ಜಾಗದಲ್ಲಿ, ಅಲ್ಲಿರುವ ಗುರಾಣಿ ಚಿತ್ರದ ಅಂಚಿನ ಹತ್ತಿರ, ಅಂಥದೇ ತೇಪೆ. ಸರದ ತೂತಿಗೆ ಬೆಸುಗೆ ಹಾಕಿ ಉಜ್ಜಿದ್ದಾರೆ. ಹಾಗೆ ಮುಚ್ಚಿದ ನಾಣ್ಯಕ್ಕೆ ಬೆಲೆ ಎಲ್ಲಿ ಬರುತ್ತದೆ? ತೂತು ಹಾಗೇ ಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು ಅಲ್ವಾ.

ಮುಂದಿನ ವಾರ ವಾಪಸ್ ಕೊಡಲು ಹೋದೆ. ಅವನು ನನ್ನ ಚೀಟಿಯನ್ನೇ ತೋರಿಸಿದ. "ಇದರಲ್ಲಿ ಡೋಂಬ್ ಅಂತ ಎಲ್ಲಿದೆ, ಮೇಡಂ?" ಅಂದ.

ಮೇಜಿನ ಮೇಲೆ ಇನ್ನೂ ಮೂರು ಇದ್ದವು. ಒಂದೊಂದರ ತಲೆ ಮೇಲೂ ಅಷ್ಟೇ ನುಣುಪು.